ಅಡಿಕೆ ರೇಟಿಗಿಂತ ದೋಟಿ ಬೆಲೆ ವಾಸಿ: ದುಡ್ಡು ತರುವ ಕೀವರ್ಡ್ ಹುಡುಕುವುದು ಹೇಗೆ

ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಹುಡುಕುವುದು ಒಂದೇ: ಇವತ್ತಿನ ಅಡಿಕೆ ರೇಟು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು. ನಾನು ಚಿಕ್ಕದೊಂದು ವೆಬ್‌ಸೈಟ್ ಶುರು ಮಾಡಿದಾಗ ಇದನ್ನೇ ಹಿಡಿದುಕೊಂಡೆ. ಇಷ್ಟು ಜನ ಹುಡುಕುತ್ತಾರೆ, ಬಿಡೋದುಂಟಾ ಅಂತ ಒಂದು ಸೀಸನ್ ಪೂರ್ತಿ ದಿನಾ ರೇಟು ಹಾಕಿದೆ. ಜನ ಬಂದರು. ರೇಟು ನೋಡಿದರು, ಹೋದರು. ಆಡ್‌ಸೆನ್ಸ್ ಅಂದರೆ ನಮ್ಮ ಪುಟದಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ವ್ಯವಸ್ಥೆ; ಆ ದುಡ್ಡು ಬ್ಯಾಂಕಿಗೆ ಬರಬೇಕಾದರೆ ಖಾತೆಯಲ್ಲಿ 100 ಡಾಲರ್ ಸೇರಬೇಕು. ಅಷ್ಟು ಸೇರುವ ಹೊತ್ತಿಗೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ, ಮುಂದಿನ ಮಳೆಗಾಲವೂ ಬಂದಾಗಿತ್ತು.

ಅದೇ ಸೈಟಿನಲ್ಲಿ ಸುಮ್ನೆ ಬರೆದು ಹಾಕಿದ್ದ ಇನ್ನೊಂದು ಪುಟ ಇತ್ತು. ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದನೆಯ ಕೋಲು, ಕೊಳ್ಳುವಾಗ ಏನೇನು ನೋಡಬೇಕು ಅಂತ. ಓದುವವರು ಬಹಳ ಕಡಿಮೆ. ಆದರೆ ಓದಿದವರು ಫೋನ್ ಮಾಡಿ ಕೇಳುತ್ತಿದ್ದರು: ಎಷ್ಟು ಅಡಿಯದ್ದು ತಗೊಳ್ಳೋದು, ಎಲ್ಲಿ ಸಿಗುತ್ತೆ, ಸಬ್ಸಿಡಿ ಇದೆಯಾ. ಕೊನೆಗೆ ದೋಟಿ ಮಾರುವವರೊಬ್ಬರೇ ಕರೆ ಮಾಡಿ, ಆ ಪುಟದಲ್ಲಿ ನಮ್ಮ ಜಾಹೀರಾತು ಹಾಕ್ತೀರಾ ಅಂದರು. ರೇಟಿನ ಪುಟ ಒಂದು ಸೀಸನ್ನಿಗೆ ಕೊಟ್ಟದ್ದನ್ನು ಈ ಪುಟ ಒಂದೇ ತಿಂಗಳಲ್ಲಿ ಕೊಟ್ಟಿತು.

ಯಾಕೆ? ರೇಟು ಹುಡುಕುವವನು ಮಾರುವ ಯೋಚನೆಯಲ್ಲಿ ಇರುತ್ತಾನೆ, ಅವನಿಗೆ ಒಂದು ನಂಬರ್ ಸಾಕು. ದೋಟಿ ಬೆಲೆ ಹುಡುಕುವವನು ಹತ್ತಾರು ಸಾವಿರ ರೂಪಾಯಿ ಖರ್ಚು ಮಾಡಲು ತಯಾರಾಗಿ ಕೂತಿರುತ್ತಾನೆ. ಈ ಎರಡನೆಯವನು ಸರ್ಚ್‌ನಲ್ಲಿ ಏನು ಟೈಪ್ ಮಾಡುತ್ತಾನೆ ಅಂತ ಪತ್ತೆ ಹಚ್ಚುವುದೇ ಕೀವರ್ಡ್ ಹುಡುಕುವ ಕೆಲಸ. ಅದನ್ನು ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಬಾಯಿಮಾತು, ಆಮೇಲೆ ಟೂಲು

ಹೆಚ್ಚಿನವರು ನೇರ ಟೂಲ್ ತೆರೆದು ಕೂರುತ್ತಾರೆ. ನಾನು ಒಂದು ನೋಟ್‌ಬುಕ್ ಹಿಡಿದು ಗಿರಾಕಿಗಳ ಮಾತು ಕೇಳುವುದರಿಂದ ಶುರು ಮಾಡುತ್ತೇನೆ.

ಸಾಗರದ ಹತ್ತಿರ ನಮ್ಮ ಅತ್ತಿಗೆ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ‘ಕೀವರ್ಡ್ ಬೇಕು ಅತ್ತಿಗೆ’ ಅಂದೆ. ‘ಅದೆಂತದು ಮಾರಾಯ, ನನಗೆ ಮಿಡಿ ಗೊತ್ತು, ಉಪ್ಪು ಗೊತ್ತು’ ಅಂದರು. ‘ಸರಿ, ಫೋನ್ ಮಾಡಿದವರು ಮೊದಲು ಎಂತ ಕೇಳ್ತಾರೆ ಹೇಳಿ’ ಅಂದೆ. ಆಗ ಬಂತು ನೋಡಿ. ಬೆಂಗಳೂರಿಗೆ ಕಳಿಸ್ತೀರಾ? ಎಣ್ಣೆ ಹಾಕದೇ ಮಾಡಿದ್ದಾ? ಬಾಟಲಿ ಒಡೆಯದ ಹಾಗೆ ಬರುತ್ತಾ? ಮಗಳು ಅಮೆರಿಕಕ್ಕೆ ಹೊರಟಿದ್ದಾಳೆ, ವಿಮಾನದಲ್ಲಿ ಒಯ್ಯೋ ಹಾಗೆ ಪ್ಯಾಕ್ ಮಾಡಿಕೊಡ್ತೀರಾ?

ನಾಲ್ಕು ಪ್ರಶ್ನೆ, ನಾಲ್ಕು ಕೀವರ್ಡ್. ‘ಎಣ್ಣೆ ಇಲ್ಲದ ಮಿಡಿ ಉಪ್ಪಿನಕಾಯಿ’ ಅನ್ನುವುದು ಯಾವ ಟೂಲೂ ತಾನಾಗಿ ನನಗೆ ಹೇಳುತ್ತಿರಲಿಲ್ಲ. ನೀವು ಹೋಮ್‌ಸ್ಟೇ ನಡೆಸುವವರಾದರೆ ಹಳೆಯ ವಾಟ್ಸಾಪ್ ಮೆಸೇಜುಗಳನ್ನು ಒಂದು ಸಂಜೆ ಕೂತು ಓದಿ. ಔಷಧಿ, ಗೊಬ್ಬರದ ಅಂಗಡಿಯಾದರೆ ಕೌಂಟರಿನ ಹಿಂದೆ ನಿಂತು ಎರಡು ದಿನ ಕಿವಿಗೊಡಿ. ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ. ರೈತರು ‘ಶಿಲೀಂಧ್ರನಾಶಕ’ ಅನ್ನುವುದಿಲ್ಲ, ‘ಕೊಳೆಗೆ ಔಷಧಿ’ ಅನ್ನುತ್ತಾರೆ. ಮೊಬೈಲಿಗೆ ಮಾತಾಡಿ ಹುಡುಕುವವರು ಈಗ ಎಷ್ಟೊಂದು ಜನ ಇದ್ದಾರೆ, ಅಲ್ವಾ? ಅವರು ಆಡುಮಾತಿನಲ್ಲೇ ಹುಡುಕುತ್ತಾರೆ.

ಇನ್ನೊಂದು ವಿಷಯ. ನಮಗೆ ಗೊತ್ತಿರುವ ಹೆಸರು ಹುಡುಕುವವರಿಗೆ ಗೊತ್ತಿರುವುದಿಲ್ಲ. ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ. ನಮಗೆ ಅದು ಮಾತಾಡುವ ವಿಷಯವೇ ಅಲ್ಲ. ಬೆಂಗಳೂರಿನಲ್ಲಿ ಕೂತವನು ತಾಳಗುಪ್ಪದ ಹೆಸರೇ ಕೇಳಿರುವುದಿಲ್ಲ. ಅವನು ‘ಬೆಂಗಳೂರಿಂದ ಜೋಗ ಟ್ರೇನ್’ ಅಂತ ಹುಡುಕುತ್ತಾನೆ. ‘ತಾಳಗುಪ್ಪ ರೈಲು ವೇಳಾಪಟ್ಟಿ’ ಅಂತ ಶೀರ್ಷಿಕೆ ಕೊಟ್ಟು ಬರೆದರೆ ಅವನಿಗೆ ಅದು ಕಣ್ಣಿಗೆ ಬಿದ್ದರೂ ತನಗಲ್ಲ ಅಂತ ಮುಂದೆ ಹೋಗುತ್ತಾನೆ.

ಸರ್ಚ್ ಪೆಟ್ಟಿಗೆಯನ್ನೇ ಕೇಳಿ

ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಮೂವತ್ತು ಸಾಲು ಆದ ಮೇಲೆ ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಇಲ್ಲದಿದ್ದರೆ ನೀವು ಹಿಂದೆ ಹುಡುಕಿದ್ದನ್ನೇ ಗೂಗಲ್ ನಿಮ್ಮ ಮುಂದೆ ಇಡುತ್ತದೆ. ಒಂದು ಪದ ಟೈಪ್ ಮಾಡಿ, ಎಂಟರ್ ಒತ್ತಬೇಡಿ. ಕೆಳಗೆ ಇಳಿಯುವ ಪಟ್ಟಿಯನ್ನು ಬರೆದುಕೊಳ್ಳಿ. ಆಮೇಲೆ ಅದೇ ಪದದ ಮುಂದೆ ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗಿ. ಕರ್ಸರನ್ನು ಪದದ ಶುರುವಿಗೆ ತಂದು ಅಲ್ಲೂ ಅಕ್ಷರ ಹಾಕಿ ನೋಡಿ, ಬೇರೆಯೇ ಪಟ್ಟಿ ಬರುತ್ತದೆ. ಫಲಿತಾಂಶದ ಪುಟದಲ್ಲಿ ‘ಜನ ಇದನ್ನೂ ಕೇಳುತ್ತಾರೆ’ ಅನ್ನುವ ಪ್ರಶ್ನೆಗಳು ಬಂದರೆ ಅವೂ ನಿಮ್ಮವೇ. ಪುಟದ ಬುಡದಲ್ಲಿರುವ ಸಂಬಂಧಪಟ್ಟ ಹುಡುಕಾಟಗಳನ್ನೂ ಬಿಡಬೇಡಿ.

ಇದನ್ನೇ ಯೂಟ್ಯೂಬಿನಲ್ಲೂ ಮಾಡಿ. ಕೃಷಿಗೆ ಸಂಬಂಧಪಟ್ಟದ್ದಾದರೆ ನಮ್ಮ ಜನ ಓದುವುದಕ್ಕಿಂತ ನೋಡುವುದೇ ಜಾಸ್ತಿ.

ಒಂದೇ ಊರು, ಹತ್ತು ಸ್ಪೆಲಿಂಗು

ಕನ್ನಡದಲ್ಲಿ ಕೀವರ್ಡ್ ಹುಡುಕುವವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮ್ಮೂರಿನ ಹೆಸರನ್ನೇ ತಗೊಳ್ಳಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಶಿವಮೊಗ್ಗ. ಆದರೆ ಹೊರಗಿನವರ ಬೆರಳಿಗೆ ಇನ್ನೂ ಶಿಮೊಗಾ ಅಂತಲೇ ರೂಢಿ. ತೀರ್ಥಹಳ್ಳಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೇಳಿ, ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ. ಕನ್ನಡ ಅಕ್ಷರದಲ್ಲೂ ಅಷ್ಟೇ: ಅಡಿಕೆ ಅನ್ನುವವರೂ ಇದ್ದಾರೆ, ಅಡಕೆ ಅನ್ನುವವರೂ ಇದ್ದಾರೆ. ಇನ್ನು ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವವರು ಬೇಕಾದಷ್ಟು.

ಹಾಗಾಗಿ ಪ್ರತಿ ಪದಕ್ಕೂ ನನ್ನ ಪಟ್ಟಿಯಲ್ಲಿ ಮೂರು ಕಾಲಮ್ಮು. ಒಂದು ಕನ್ನಡ ಅಕ್ಷರದ್ದು, ಒಂದು ಕನ್ನಡ ಮಾತು ಇಂಗ್ಲಿಷ್ ಅಕ್ಷರದಲ್ಲಿ, ಒಂದು ಪೂರ್ತಿ ಇಂಗ್ಲಿಷ್. ಅತ್ತಿಗೆಯ ಮಿಡಿಗೆ ಮೊದಲನೆಯದು ‘ಅಪ್ಪೆಮಿಡಿ ಉಪ್ಪಿನಕಾಯಿ’, ಎರಡನೆಯದು ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ, ಮೂರನೆಯದು ‘ಟೆಂಡರ್ ಮ್ಯಾಂಗೋ ಪಿಕಲ್’. ಮೂರೂ ಹುಡುಕುವವರು ಬೇರೆ ಬೇರೆ ಜನ. ಮೊದಲನೆಯವರಲ್ಲಿ ಮನೆಯಲ್ಲೇ ಹಾಕಲು ಹೊರಟವರೂ ಇರುತ್ತಾರೆ. ಎರಡನೆಯವರು ನನ್ನ ಲೆಕ್ಕದಲ್ಲಿ ಬಂಗಾರ: ಊರು ಬಿಟ್ಟು ಹೋದವರು, ಅಪ್ಪೆಮಿಡಿಯ ರುಚಿ ಗೊತ್ತಿರುವವರು, ಮಾಡುವಷ್ಟು ಪುರುಸೊತ್ತು ಇಲ್ಲದವರು. ಮೂರನೆಯವರಿಗೆ ಅಪ್ಪೆಮಿಡಿ ಅಂದರೇನು ಅಂತ ಮೊದಲಿಂದ ಹೇಳಬೇಕು.

ಕೀವರ್ಡ್ ಪ್ಲ್ಯಾನರ್ ಬಳಸುವ ಬಗೆ

ಈಗ ಟೂಲು. ಗೂಗಲ್‌ನಲ್ಲಿ ಜಾಹೀರಾತು ಕೊಡುವ ಜಾಗವಾದ ಗೂಗಲ್ ಆ್ಯಡ್ಸ್ ಒಳಗೆ ಕೀವರ್ಡ್ ಪ್ಲ್ಯಾನರ್ ಅಂತ ಇದೆ. ಅದನ್ನು ಬಳಸಲು ದುಡ್ಡು ಕೊಡಬೇಕಿಲ್ಲ, ಆದರೆ ಖಾತೆ ತೆರೆಯುವ ಕೆಲಸ ಪೂರ್ತಿ ಮಾಡಿ ಮುಗಿಸಬೇಕು. ಒಳಗೆ ಹೋದರೆ ಎರಡು ದಾರಿ: ಹೊಸ ಕೀವರ್ಡ್ ಹುಡುಕುವುದು, ಇರುವ ಪಟ್ಟಿಗೆ ಸಂಖ್ಯೆ ನೋಡುವುದು. ನಿಮ್ಮ ಮೂರು ಕಾಲಮ್ಮಿನ ಪಟ್ಟಿಯನ್ನು ಎರಡನೆಯದಕ್ಕೆ ಹಾಕಿ.

ಮೊದಲು ಜಾಗ ಸರಿಪಡಿಸಿ. ಭಾರತ ಅಂತ ಬಿಟ್ಟರೆ ಬಂದ ಸಂಖ್ಯೆಗೆ ಅರ್ಥವೇ ಇಲ್ಲ. ಅಡಿಕೆ ಸುಲಿಯುವ ಯಂತ್ರ ಮಾರುವವರು ಅಡಿಕೆ ಬೆಳೆಯುವ ಜಿಲ್ಲೆಗಳನ್ನು ಹಾಕಬೇಕು. ಹೋಮ್‌ಸ್ಟೇಯವರು ಶಿವಮೊಗ್ಗ ಹಾಕಿದರೆ ತಪ್ಪು. ಮನೆ ತೀರ್ಥಹಳ್ಳಿಯಲ್ಲಿದ್ದರೂ ಗಿರಾಕಿ ಇರುವುದು ಬೆಂಗಳೂರಿನಲ್ಲಿ. ಭಾಷೆಯನ್ನೂ ಒಮ್ಮೆ ಕನ್ನಡ, ಒಮ್ಮೆ ಇಂಗ್ಲಿಷ್ ಮಾಡಿ ನೋಡಿ.

ಬರುವ ಫಲಿತಾಂಶದಲ್ಲಿ ಮೂರು ಕಡೆ ಕಣ್ಣಿಡಿ. ಒಂದು, ತಿಂಗಳ ಸರಾಸರಿ ಹುಡುಕಾಟ. ಜಾಹೀರಾತಿಗೆ ಖರ್ಚು ಮಾಡದ ಖಾತೆಗೆ ಇದು 10ರಿಂದ 100, 100ರಿಂದ 1,000, 1,000ದಿಂದ 10,000 ಅನ್ನುವ ಹಾಗೆ ಅಂದಾಜಿನಲ್ಲಿ ಕಾಣುತ್ತದೆ. 10ರಿಂದ 100 ಅಂತ ಬಂದದ್ದನ್ನು ಕಂಡು ಮುಖ ಸಿಂಡರಿಸಬೇಡಿ. ತಿಂಗಳಿಗೆ ಮೂವತ್ತು ಜನ ದೋಟಿ ಕೊಳ್ಳಲು ಹುಡುಕಿದರೂ ಅಂಗಡಿಯವನಿಗೆ ಅದು ದೊಡ್ಡ ವ್ಯಾಪಾರ. ಕನ್ನಡ ಅಕ್ಷರದ ಎಷ್ಟೋ ಪದಗಳಿಗೆ ಸಂಖ್ಯೆಯೇ ಬರುವುದಿಲ್ಲ. ಅಲ್ಲಿ ನೋಟ್‌ಬುಕ್ಕನ್ನು ನಂಬಿ.

ಎರಡು, ಪೈಪೋಟಿ. ಕಡಿಮೆ, ಮಧ್ಯಮ, ಜಾಸ್ತಿ ಅಂತ ಬರೆದಿರುತ್ತದೆ. ಇದು ಜಾಹೀರಾತು ಕೊಡುವವರ ಪೈಪೋಟಿ, ಲೇಖನ ಬರೆಯುವವರದ್ದಲ್ಲ. ಇದನ್ನು ಅದಲು ಬದಲು ಮಾಡಿಕೊಂಡು, ಕಡಿಮೆ ಇದೆ, ಬರೆದರೆ ಸಾಕು ಮೇಲೆ ಬರುತ್ತೇನೆ ಅಂತ ಅಂದುಕೊಳ್ಳುವವರು ತುಂಬಾ. ನಾನೂ ಅಂದುಕೊಂಡಿದ್ದೆ.

ಮೂರನೆಯದೇ ಮುಖ್ಯ: ಪುಟದ ಮೇಲ್ಭಾಗದ ಬಿಡ್. ಒಂದು ಕ್ಲಿಕ್ಕಿಗೆ ಜಾಹೀರಾತುದಾರರು ಎಷ್ಟು ಕೊಡುತ್ತಿದ್ದಾರೆ ಅನ್ನುವುದರ ಕೆಳಗಿನ ಅಂದಾಜು, ಮೇಲಿನ ಅಂದಾಜು ಎರಡೂ ಇರುತ್ತವೆ. ಬೇರೆಯವರು ತಮ್ಮ ಜೇಬಿನಿಂದ ದುಡ್ಡು ತೆಗೆದು ಇಡುತ್ತಿದ್ದಾರೆ ಅಂದರೆ ಆ ಪದದಲ್ಲಿ ವ್ಯಾಪಾರ ಇದೆ ಅಂತಲೇ ಅರ್ಥ. ಜಾಹೀರಾತು ಕೊಡುವ ಯೋಚನೆ ನಿಮಗೆ ಇಲ್ಲದಿದ್ದರೂ, ಬರೀ ಲೇಖನ ಬರೆಯುವವರಾದರೂ, ಈ ಕಾಲಮ್ಮು ನೋಡಿ. ನಿಮ್ಮ ಪುಟದಲ್ಲಿ ಬೀಳುವ ಜಾಹೀರಾತಿಗೆ ಬೆಲೆ ಎಷ್ಟು ಅನ್ನುವುದರ ಸುಳಿವು ಇಲ್ಲೇ ಇದೆ. ಸಾಮಾನ್ಯವಾಗಿ ಕನ್ನಡ ಪದಕ್ಕೆ ಇಂಗ್ಲಿಷಿಗಿಂತ ಕಡಿಮೆ ಇರುತ್ತದೆ. ಬೇಜಾರಿನ ಸಂಗತಿ, ಆದರೆ ಗೊತ್ತಿರಲಿ.

ಮಳೆಗೆ ಮುಂಚೆ ಔಷಧಿ, ಸೀಸನ್ನಿಗೆ ಮುಂಚೆ ಲೇಖನ

ಅಡಿಕೆಗೆ ಕೊಳೆ ರೋಗ ಕಂಡ ಮೇಲೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಹೊಡೆಯಲು ಓಡುವವನ ತೋಟ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಲೇಖನಕ್ಕೂ ಇದೇ ಕಥೆ. ‘ಬೋರ್ಡೋ ಮಾಡುವ ವಿಧಾನ’ ಅಂತ ಜೂನ್ ಕೊನೆಗೆ ಬರೆದರೆ ಗೂಗಲ್ ಅದನ್ನು ಮೇಲೆ ತರುವ ಹೊತ್ತಿಗೆ ಆಗಸ್ಟ್ ಮುಗಿದಿರುತ್ತದೆ. ನಾನು ಎರಡು ಮೂರು ತಿಂಗಳು ಮುಂಚೆ ಹಾಕುತ್ತೇನೆ: ಕೊಳೆಯದ್ದು ಮಾರ್ಚ್‌ನಲ್ಲಿ, ಸುಲಿಯುವ ಯಂತ್ರದ್ದು ಆಗಸ್ಟ್‌ನಲ್ಲಿ, ಮಳೆಗಾಲದ ಹೋಮ್‌ಸ್ಟೇಯದ್ದು ಏಪ್ರಿಲ್‌ನಲ್ಲಿ.

ಯಾವ ಪದಕ್ಕೆ ಯಾವ ತಿಂಗಳು ಅಂತ ತಿಳಿಯಲು ಗೂಗಲ್ ಟ್ರೆಂಡ್ಸ್ ಇದೆ. ಕರ್ನಾಟಕ ಆರಿಸಿ, ಐದು ವರ್ಷದ ಅವಧಿ ಇಡಿ. ಒಂದೇ ಸಲಕ್ಕೆ ಕೆಲವು ಪದಗಳನ್ನು ಹೋಲಿಸಬಹುದು. ಅಲ್ಲಿ ಕಾಣುವ 0ಯಿಂದ 100ರ ಸಂಖ್ಯೆ ಹುಡುಕಿದವರ ತಲೆ ಎಣಿಕೆ ಅಲ್ಲ. ಆ ಅವಧಿಯಲ್ಲಿ ಅತಿ ಹೆಚ್ಚು ಇದ್ದದ್ದನ್ನು 100 ಅಂತ ಇಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿದ್ದು, ಅಷ್ಟೇ. ಏರಿಳಿತ ಎಲ್ಲಿ ಅಂತ ನೋಡಲು ಸಾಕು.

ಪದಗಳು ಸಾಯುವುದೂ ಉಂಟು. ಸಿಗಂದೂರಿಗೆ ಹೋಗುವವರೆಲ್ಲ ಹೊಳೆಬಾಗಿಲಿನ ಲಾಂಚ್ ಎಷ್ಟು ಹೊತ್ತಿಗೆ ಅಂತ ಹುಡುಕುವ ಕಾಲ ಇತ್ತು. ನಾನು ಅದಕ್ಕೊಂದು ಚಂದದ ಪುಟ ಮಾಡಿದ್ದೆ. 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾಯಿತು. ದ್ವೀಪದ ಜನರಿಗೆ ಎಷ್ಟೋ ವರ್ಷದ ಕಷ್ಟ ಕಳೆಯಿತು, ನನ್ನ ಪುಟ ಮಾತ್ರ ಮುಳುಗಿತು. ಸೇತುವೆ ಬರುವುದು ಎಲ್ಲರಿಗೂ ಗೊತ್ತೇ ಇತ್ತು. ಸಾಗರದಿಂದ ಸಿಗಂದೂರಿಗೆ ರಸ್ತೆ ದಾರಿ, ಸೇತುವೆ ಹತ್ತಿರ ಊಟ, ಒಂದೇ ದಿನಕ್ಕೆ ಸಿಗಂದೂರು ಮತ್ತು ಜೋಗ, ಇವನ್ನೆಲ್ಲ ಮೊದಲೇ ಬರೆದಿಟ್ಟಿದ್ದರೆ! ಕಾಮಗಾರಿ ನೋಡಲು ನಾಲ್ಕು ಸಲ ಹೋಗಿ ಫೋಟೋ ತೆಗೆದವನಿಗೆ ಇದು ಹೊಳೆಯಲಿಲ್ಲ.

ಜಗಲಿ ಮೇಲೆ ಯಾರು ಕೂತಿದ್ದಾರೆ?

ಪಟ್ಟಿಯಲ್ಲಿ ಹತ್ತು ಹದಿನೈದು ಪದ ಉಳಿದ ಮೇಲೆ ಒಂದೊಂದನ್ನೂ ನೀವೇ ಹುಡುಕಿ, ಮೊದಲ ಪುಟ ನೋಡಿ. ‘ಶಿವಮೊಗ್ಗ ಹೋಮ್‌ಸ್ಟೇ’ ಅಂದರೆ ಮೇಲೆಲ್ಲ ದೊಡ್ಡ ಬುಕಿಂಗ್ ಸೈಟುಗಳು ಕಾಲು ಚಾಚಿ ಕೂತಿರುತ್ತವೆ. ಅವರನ್ನು ಎಬ್ಬಿಸುವುದು ನಮ್ಮ ಕೈಯಲ್ಲಿ ಆಗದ ಕೆಲಸ. ಪದವನ್ನು ಉದ್ದ ಮಾಡಿ. ‘ಕವಲೇದುರ್ಗ ಹತ್ತಿರ ಹೋಮ್‌ಸ್ಟೇ’, ‘ಆಗುಂಬೆ ಹತ್ತಿರ ಫ್ಯಾಮಿಲಿಗೆ ತೋಟದ ಮನೆ’. ಅಲ್ಲಿ ಜಾಗ ಖಾಲಿ ಇರುವ ಸಾಧ್ಯತೆ ಜಾಸ್ತಿ. ಹುಡುಕುವವರು ಕಡಿಮೆ ನಿಜ, ಆದರೆ ಹುಡುಕುವವನು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿ ಆಗಿದೆ, ಮಲಗಲು ಜಾಗ ಬೇಕು ಅಷ್ಟೇ.

ಮೊದಲ ಪುಟದಲ್ಲಿ ವಿಡಿಯೊಗಳೇ ತುಂಬಿದ್ದರೆ ಲೇಖನ ಬಿಟ್ಟು ವಿಡಿಯೊ ಮಾಡಿ. ಮ್ಯಾಪು ಮತ್ತು ಮೂರು ಅಂಗಡಿಯ ಹೆಸರು ಮೇಲೆ ಬಂದರೆ ಮೊದಲು ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿ ಮಾಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಾಲ್ಕೈದು ವರ್ಷ ಹಳೆಯ, ಅರೆಬರೆ ಬರಹಗಳೇ ಮೇಲಿದ್ದರೆ ತಡ ಮಾಡಬೇಡಿ.

ಕ್ಲಿಕ್ಕಿಗೆ ಎಷ್ಟು ಕೊಡಬಹುದು?

ಜಾಹೀರಾತಿಗೆ ಇಳಿಯುವ ಮುಂಚೆ ಕಾಗದದ ಮೇಲೆ ಈ ಲೆಕ್ಕ ಹಾಕಿ. ಒಂದು ವ್ಯಾಪಾರದಲ್ಲಿ ಕೈಗೆ ಉಳಿಯುವ ದುಡ್ಡನ್ನು, ಒಂದು ವ್ಯಾಪಾರ ಕುದುರಲು ಬೇಕಾದ ಕ್ಲಿಕ್ಕಿನಿಂದ ಭಾಗಿಸಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ನಷ್ಟ.

ಉಪ್ಪಿನಕಾಯಿ ಬಾಟಲಿಯೊಂದಕ್ಕೆ ಕೊರಿಯರ್ ಎಲ್ಲ ಕಳೆದು 100 ರೂಪಾಯಿ ಉಳಿಯುತ್ತದೆ, 50 ಜನ ಒತ್ತಿದರೆ ಒಬ್ಬರು ಕೊಳ್ಳುತ್ತಾರೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಕ್ಲಿಕ್ಕಿನ ಯೋಗ್ಯತೆ 2 ರೂಪಾಯಿ. ಪ್ಲ್ಯಾನರಿನಲ್ಲಿ ಬಿಡ್ 6 ರೂಪಾಯಿ ಅಂತ ಇದ್ದರೆ ಆ ಪದ ಬೇಡ. ಅಥವಾ ಒಂದೇ ಬಾಟಲಿ ಮಾರದೆ ನಾಲ್ಕರ ಕಟ್ಟು ಮಾಡಿ ಮಾರಬೇಕು. ಅತ್ತಿಗೆ ಕೊನೆಗೆ ಅದನ್ನೇ ಮಾಡಿದರು. ಹೋಮ್‌ಸ್ಟೇಯಲ್ಲಿ ಒಂದು ಬುಕಿಂಗ್‌ಗೆ 3,000 ಉಳಿದು, 60 ಕ್ಲಿಕ್ಕಿಗೆ ಒಂದು ಬುಕಿಂಗ್ ಬಂದರೆ ಕ್ಲಿಕ್ಕಿಗೆ 50ರ ತನಕ ತಡೆದುಕೊಳ್ಳುತ್ತದೆ. ಬಿಡ್ 15 ಇದ್ದರೆ ಧೈರ್ಯವಾಗಿ ನುಗ್ಗಬಹುದು.

ಜಿಎಸ್‌ಟಿ ಮರೆಯಬೇಡಿ. ಮುಂಗಡ ಕಟ್ಟುವ ಖಾತೆಯಲ್ಲಿ 1,000 ರೂಪಾಯಿ ಹಾಕಿದರೆ ಶೇ. 18 ತೆರಿಗೆ ಹೋಗಿ ಕ್ಲಿಕ್ಕಿಗೆ ಸಿಗುವುದು ಸುಮಾರು 847. ದಿನಕ್ಕೆ ಇಷ್ಟು ಅಂತ ನೀವು ಇಟ್ಟ ಬಜೆಟ್ಟಿನ ಎರಡರಷ್ಟನ್ನು ಗೂಗಲ್ ಕೆಲವು ದಿನ ಖರ್ಚು ಮಾಡುತ್ತದೆ. ಗಾಬರಿ ಬೇಡ, ಪೂರ್ತಿ ತಿಂಗಳಿಗೆ ಅದರ 30.4 ಪಟ್ಟು ದಾಟುವುದಿಲ್ಲ.

ಬೇಡದ ಪದಗಳ ಪಟ್ಟಿ

ಅತ್ತಿಗೆಯ ಮೊದಲ ಜಾಹೀರಾತಿಗೆ ನಾನು ‘ಅಪ್ಪೆಮಿಡಿ’ ಅಂತ ಒಂದೇ ಪದ ಹಾಕಿ, ಬ್ರಾಡ್ ಮ್ಯಾಚ್ (ಆ ಪದಕ್ಕೆ ಸಂಬಂಧಪಟ್ಟ ಯಾವ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಆಯ್ಕೆ) ಹಾಗೇ ಇರಲು ಬಿಟ್ಟು, ಊಟಕ್ಕೆ ಹೋದೆ. ಏನೂ ಬದಲಿಸದಿದ್ದರೆ ಗೂಗಲ್ ಇಟ್ಟುಕೊಳ್ಳುವುದು ಬ್ರಾಡನ್ನೇ. ಎರಡು ದಿನದಲ್ಲಿ ದುಡ್ಡು ಖಾಲಿ, ಆರ್ಡರ್ ಸೊನ್ನೆ. ಜನ ಏನು ಹುಡುಕಿ ಬಂದರು ಅಂತ ತೋರಿಸುವ ಸರ್ಚ್ ಟರ್ಮ್ಸ್ ವರದಿ ತೆಗೆದು ನೋಡಿದರೆ ಬಂದವರೆಲ್ಲ ಮಿಡಿ ಹಾಕುವ ವಿಧಾನ, ಅಪ್ಪೆಮಿಡಿ ಗಿಡ, ಕಸಿ ಸಸಿ ಎಲ್ಲಿ ಸಿಗುತ್ತೆ ಅಂತ ಹುಡುಕಿದವರು. ‘ನರ್ಸರಿಯವರಿಗೆ ಒಳ್ಳೇ ಜಾಹೀರಾತು ಕೊಟ್ಟೆ ನೋಡು’ ಅಂದರು ಅತ್ತಿಗೆ.

ಈಗ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ, ಅದು ಫ್ರೇಸ್ ಮ್ಯಾಚ್, ಅಂದರೆ ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಕ್ಕೆ ಮಾತ್ರ. ಖಂಡಿತ ಕೊಳ್ಳುವವರದ್ದೇ ಅನ್ನಿಸಿದ ಪದಕ್ಕೆ ಚೌಕ ಆವರಣ, ಅದು ಎಕ್ಸಾಕ್ಟ್, ಅಂದರೆ ಅದೇ ಅರ್ಥದ ಹುಡುಕಾಟಕ್ಕಷ್ಟೇ. ಜೊತೆಗೆ ನೆಗೆಟಿವ್ ಪಟ್ಟಿ: ರೆಸಿಪಿ, ಮಾಡುವ ವಿಧಾನ, ಗಿಡ, ಸಸಿ, ಕಸಿ, ಫೋಟೋ, ಕೆಲಸ, ಫ್ರೀ. ಇವನ್ನೂ ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಕ್ಷರದಲ್ಲಿ ಹಾಕಬೇಕು. ನೆಗೆಟಿವ್ ಪದಕ್ಕೆ ಹತ್ತಿರದ ಅರ್ಥದ ಇನ್ನೊಂದು ಪದವನ್ನು ಗೂಗಲ್ ತಾನಾಗಿ ತಡೆಯುವುದಿಲ್ಲ. ಮೊದಲ ಎರಡು ವಾರ ದಿನ ಬಿಟ್ಟು ದಿನ ವರದಿ ನೋಡಿ, ಪಟ್ಟಿ ಬೆಳೆಸಿ.

ಜಾಗದ ಆಯ್ಕೆಯಲ್ಲೂ ಒಂದು ಬಲೆ ಇದೆ. ಆ ಊರಿನಲ್ಲಿ ‘ಇರುವವರು ಅಥವಾ ಆಸಕ್ತಿ ತೋರಿದವರು’ ಅಂತ ಮೊದಲೇ ಗುರುತಾಗಿರುತ್ತದೆ. ಸುಲಿಯುವ ಯಂತ್ರ ಮಾರುವವರು ಅದನ್ನು ‘ಇರುವವರು’ ಅಂತ ಬದಲಿಸಬೇಕು. ಇಲ್ಲದಿದ್ದರೆ ಶಿವಮೊಗ್ಗದ ಬಗ್ಗೆ ಎಲ್ಲೋ ಕೂತು ಓದಿದವನಿಗೂ ಯಂತ್ರ ತೋರಿಸಿ ದುಡ್ಡು ಕಳೆಯುತ್ತೀರಿ.

ಬರೆದ ಮೇಲೆ

ಲೇಖನದವರಿಗೆ ಕೊನೆಯ ಕೆಲಸ ಸರ್ಚ್ ಕನ್ಸೋಲ್, ಅಂದರೆ ಗೂಗಲ್ ಹುಡುಕಾಟದಲ್ಲಿ ನಿಮ್ಮ ಸೈಟು ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಟೂಲು. ಅದೂ ಉಚಿತ, ನಿಮ್ಮ ಸೈಟಿನ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಪುಟ ಹಾಕಿ ಎರಡು ಮೂರು ತಿಂಗಳಾದ ಮೇಲೆ ಒಳಗೆ ಹೋಗಿ. ಯಾವ ಹುಡುಕಾಟಕ್ಕೆ ನಿಮ್ಮ ಪುಟ ತುಂಬಾ ಸಲ ಕಾಣಿಸಿಕೊಂಡಿದೆ, ಆದರೆ 8ರಿಂದ 20ನೇ ಸ್ಥಾನದಲ್ಲಿ ನಿಂತಿದೆ ಅಂತ ಹುಡುಕಿ. ಹೊಸ ಕೀವರ್ಡ್ ಹಿಂದೆ ಓಡುವುದಕ್ಕಿಂತ ಇವನ್ನು ಮೇಲೆತ್ತುವುದು ಸುಲಭ. ಆ ಹುಡುಕಾಟದ ಮಾತನ್ನೇ ಉಪಶೀರ್ಷಿಕೆ ಮಾಡಿ, ಅದಕ್ಕೆ ನೇರ ಉತ್ತರ ಬರೆಯಿರಿ.

ಹೋದ ವಾರ ನನ್ನ ಜೋಗದ ರೈಲಿನ ಪುಟಕ್ಕೆ ಹೀಗೆ ನೋಡುತ್ತಿದ್ದೆ. ಹನ್ನೊಂದನೇ ಸ್ಥಾನದಲ್ಲಿ ‘ತಾಳಗುಪ್ಪದಿಂದ ಜೋಗಕ್ಕೆ ಆಟೋ ಬಾಡಿಗೆ’ ಅಂತ ಒಂದು ಹುಡುಕಾಟ ಕೂತಿತ್ತು. ಬಾಡಿಗೆ ಬಗ್ಗೆ ಪುಟದಲ್ಲಿ ಒಂದು ಸಾಲೂ ಇಲ್ಲ. ನಾಳೆ ಬೆಳಿಗ್ಗೆ ರೈಲು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ ನಾಲ್ಕು ಜನ ಆಟೋದವರನ್ನು ಕೇಳಿಕೊಂಡು ಬರಬೇಕು. ನೋಟ್‌ಬುಕ್ ಬ್ಯಾಗಿಗೆ ಹಾಕಿ ಇಟ್ಟಿದ್ದೇನೆ.